ಗಂಗಾಳ ಕಾಲಿನ ಬೆಳ್ಳಿ

"ಆ ಆಡಿನ ಮಾರಿ ಹಿಡಿಯೋ ಹಣಮೇಶಾ! ಇನ್ನೊಮ್ಮೆ ಒದ್ದರ ನನ್ನ ಕಟ್ಟಿಸಿದ ಹಲ್ಲು ಹೋಗಿ ಆಲಮಟ್ಟಿ ಹಿನ್ನೀರಾಗ ಬೀಳ್ತಾವ."

"ಹಿಡದೀನ್ರಿ ಬಾಯಾರ, ನಿಂದ್ರವಲ್ದು. ಮೊದಲು ಹಿಂಗಿರಲಿಲ್ರಿ ಗಂಗಾ. ನನ್ನ ಕಂಡ್ರ ಹೆಗಲ ಮ್ಯಾಲೆ ಮಾರಿ ಇಡತಿದ್ಲು. ಹುನಗುಂದಕ್ಕ ಹೋಗಿ ಅಕ್ಕನ ಮಗನ ಜವಳ ಮುಗಿಸಿ ಬಂದಾಗಿಂದ ನನ್ನ ಮ್ಯಾಲೆ ಏನು ಸಿಟ್ಟೋ ಏನೋ."

ಬಸಲಿಂಗವ್ವ ಆಡು ನೋಡಿಕೊಳ್ಳುವ ಹಣಮೇಶನ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡವಳಂತೆ ಮನಸ್ಸಿನಲ್ಲಿ ಇಟ್ಟುಕೊಂಡಳು.

ಬಾಗಲಕೋಟೆಯ ನವನಗರದ ಒಂದು ಕಾಲೇಜು. ಅದರ ಹಿಂದೆ ಆಡಿನ ಕೊಟ್ಟಿಗೆ. ಪೊಲೀಸ್ ಖಾತೆಯಲ್ಲಿ ಹವಾಲ್ದಾರಳಾಗಿ ದುಡಿದು ಪಿಂಚಣಿ ಪಡೆದ ಬಸಲಿಂಗವ್ವನಿಗೆ ಕಳ್ಳರನ್ನು ಹುಡುಕುವ ಚಟ ಇನ್ನೂ ಬಿಟ್ಟಿರಲಿಲ್ಲ. ಆದರೆ ಇಂದು ಆಕೆ ಕಳ್ಳನಿಗಾಗಿ ಬಂದವಳಲ್ಲ. ಆಕೆಯ ಮಾಳಿಗೆಯ ಮೇಲೆ ಬಾಡಿಗೆಗಿದ್ದ ಡಾಕ್ಟರ್ ವಿದ್ಯಾ ನಿನ್ನೆಯಿಂದ ರೊಟ್ಟಿ ಮುಟ್ಟಿರಲಿಲ್ಲ. ಕಾರಣವೇನೆಂದು ನೋಡಲು ಬಂದಿದ್ದಳು.

ಕಾರಣ ಕಣ್ಣ ಮುಂದೆಯೇ ಇತ್ತು. ವಿದ್ಯಾ ಗೌರಿ, ಗಂಗಾ ಎಂಬ ಎರಡು ಆಡುಗಳ ಎಡಗಾಲಿನ ಎಲುಬಿನಲ್ಲಿ ಒಂದೊಂದು ಸಣ್ಣ ತುಣುಕು ತೆಗೆದು, ಆ ಸಂದಿನಲ್ಲಿ ಎಲುಬು ಕೂಡಿಸುವ ಲೇಪ ತುಂಬಿದ್ದಳು. ಗೌರಿಯ ಲೇಪದಲ್ಲಿ ಮಂಗರಬಳ್ಳಿಯ ರಸದಿಂದ ಮಾಡಿದ ಬೆಳ್ಳಿಯ ಕಣಗಳು. ಹೋಲಿಕೆಗೆಂದು ಗಂಗಾಳ ಲೇಪದಲ್ಲಿ ಬರೀ ರಸ. ನಿನ್ನೆ ಪಟ್ಟಿ ಬಿಚ್ಚಿದರೆ ಬೆಳ್ಳಿ ಪಡೆದ ಗೌರಿ ಕುಂಟುತ್ತ ಬಂದಳು. ಗಂಗಾ ಜಿಗಿದು ನೀರಿನ ಬಾನಿ ಉರುಳಿಸಿದಳು.

"ಮದ್ದು ಹಾಕಿದ್ದು ಕುಂಟತೈತಿ, ಹಾಕದ್ದು ಕುಣೀತೈತಿ," ಎಂದಳು ವಿದ್ಯಾ. "ನಾಳೆ ಮಧ್ಯಾಹ್ನ ಹೊರಗಿನ ಪರೀಕ್ಷಕರು ಬಂದು ಎರಡೂ ಆಡು ನಡೆಸಿ ನೋಡ್ತಾರ್ರಿ. ಅಲ್ಲಿಗೆ ನನ್ನ ಕೆಲಸಕ್ಕ ಬೀಗ."

"ಅಳೂದು ನಾಳೆ ಅಳುವಂತಿ. ಗಂಗಾನ ಫಿಲ್ಮ್ ಕೊಡು ಇಲ್ಲೆ."

ಬಸಲಿಂಗವ್ವ ಎಕ್ಸ್‌ರೇ ಫಿಲ್ಮನ್ನು ಬಿಸಿಲಿಗೆ ಹಿಡಿದಳು. ಎಲುಬು ಕಬ್ಬಿನ ಜಲ್ಲೆಯಂತೆ ನೆಟ್ಟಗೆ, ನುಣ್ಣಗೆ ಇತ್ತು.

"ಏ ವಿದ್ಯವ್ವಾ, ಹೋದ ವರ್ಷ ನಾ ಮೆಟ್ಟಲ ಮ್ಯಾಲಿಂದ ಬಿದ್ದು ಕೈ ಮುರಕೊಂಡಾಗ ನೀನ ಏನ ಹೇಳಿದ್ದಿ? ಮುರಿದ ಎಲುಬು ಕೂಡಿದ ಜಾಗಾದಾಗ ಒಂದು ಗಂಟು ಉಳೀತೈತಿ ಅಂದಿದ್ದಿ. ಇದರಾಗ ಎಲ್ಲೈತಿ ಗಂಟು?"

ವಿದ್ಯಾ ಫಿಲ್ಮ್ ಇಸಿದುಕೊಂಡಳು. ನಿನ್ನೆ ಕಣ್ಣೀರಿನೊಳಗಿಂದ ನೋಡಿದ್ದನ್ನು ಇಂದು ಬರಿಗಣ್ಣಿನಿಂದ ನೋಡಿದಳು. ಆಮೇಲೆ ನೆಲಕ್ಕೆ ಕುಳಿತು ಆಡಿನ ಕಾಲಿನ ಕೂದಲು ಸರಿಸಿದಳು. ಕೊಯ್ದು ಹೊಲಿದ ಗುರುತು ಇರಲಿಲ್ಲ.

"ಕೂದಲು ಬೆಳೆದು ಮುಚ್ಚೈತಿ ಅನ್ಕೊಂಡಿದ್ದೆ," ಎಂದಳು ಮೆಲ್ಲಗೆ. "ಅವ್ವಾರ, ಈ ಕಾಲು ಮುರದ ಇಲ್ಲ. ಇದು ಗಂಗಾ ಅಲ್ಲ!"

"ಅದಕ್ಕ ನನ್ನ ಒದ್ದೈತಿ!" ಎಂದು ಹಣಮೇಶ ಕುಣಿದ. ಗಂಗಾ ತನ್ನ ಮೇಲೆ ಮುನಿದಿಲ್ಲವೆಂಬ ಸಂತೋಷವೇ ಅವನಿಗೆ ದೊಡ್ಡದಾಗಿತ್ತು.

"ನಗಬ್ಯಾಡ. ನೀ ಹುನಗುಂದಕ್ಕ ಹೋದಾಗ ಬದಲಿ ಮಾಡ್ಯಾರ. ಖರೆ ಗಂಗಾ ಎಲ್ಲಿ? ಬಿಚ್ಚಿದ ಪಟ್ಟಿ ಎಲ್ಲೈತಿ?"

ಕಸದ ಬುಟ್ಟಿಯಿಂದ ಪಟ್ಟಿ ಬಂತು. ಒಂದು ಪಟ್ಟಿ ಸಾಲದೆ ಇನ್ನೊಂದನ್ನು ಕೂಡಿಸಿದ್ದರು. ದವಾಖಾನೆಯವರಾದರೆ ಅಂಟಿಸುತ್ತಿದ್ದರು. ಬೇರೆ ಯಾರಾದರೂ ಗಂಟು ಹಾಕುತ್ತಿದ್ದರು. ಇಲ್ಲಿ ಎರಡೂ ತುಂಡುಗಳ ಅಂಚಿನ ಎಳೆ ಬಿಡಿಸಿ, ಒಂದರ ಮಡಿಕೆಯೊಳಗೆ ಇನ್ನೊಂದರ ಮಡಿಕೆ ಹಾಯಿಸಿ, ಕೊಂಡಿಗೆ ಕೊಂಡಿ ಹಾಕಿದ್ದರು. ಬೆರಳಾಡಿಸಿದರೆ ಎಲ್ಲಿಯೂ ಉಬ್ಬು ಸಿಗಲಿಲ್ಲ.

ಬಸಲಿಂಗವ್ವ ನಕ್ಕಳು. ತನ್ನ ಸೀರೆಯ ಸೆರಗನ್ನು ಮುಂದೆ ಎಳೆದು ವಿದ್ಯಾಳ ಕೈಗೆ ಕೊಟ್ಟಳು.

"ಮೈ ಮುಗದು ಸೆರಗು ಸುರು ಆಗೂ ಜಾಗಾ ನೋಡು. ಇಳಕಲ್ಲಿನ ನೇಕಾರ ಸೀರಿ ಮೈಯ ಎಳಿಗೆ ಸೆರಗಿನ ಎಳಿ ಹಿಂಗ ಕೊಂಡಿ ಹಾಕಿ ಕೂಡಸತಾನ. ಈಗ ಪಟ್ಟಿ ನೋಡು."

ವಿದ್ಯಾ ಸೆರಗನ್ನೂ ನೋಡಿದಳು, ಪಟ್ಟಿಯನ್ನೂ ನೋಡಿದಳು. ಅವಳ ಮುಖ ಅರಳಿತು.

ಅಷ್ಟರಲ್ಲಿ ಮಹಾಂತೇಶ ಚಹಾದ ಲೋಟಗಳನ್ನು ಹಿಡಿದುಕೊಂಡು ಬಂದ. ವಿದ್ಯಾಳ ಜೊತೆಗೆ ಸಂಶೋಧನೆ ಮಾಡುವ ತರುಣ. ಸದಾ ನಗೆಮೊಗ, ಯಾರ ಕೆಲಸಕ್ಕೂ ಒಲ್ಲೆ ಎನ್ನದವ. ಸಂಗತಿ ಕೇಳಿ ಒಂದು ಲೋಟ ತುಳುಕಿಸಿದ.

"ಇಳಕಲ್ಲಿನ್ಯಾಗ ಓಣಿಗೆಲ್ಲಾ ಮಗ್ಗ ಅದಾವಲ್ರೀ ಅವ್ವಾರ. ಯಾವ ಮನಿ ಅಂತ ಹುಡಕ್ತೀರಿ?"

"ಹುಡಕೂದ್ಯಾಕ್ರಿ," ಎಂದ ಹಣಮೇಶ. "ರಸ ಸೋಸೋ ಬಟ್ಟಿ ಕೊಡಾಕ ಖಾಸಿಂಸಾಬ ಬರ್ತಾನಲ್ರಿ ಇಳಕಲ್ಲಿಂದ. ಬಂದಾಗೊಮ್ಮೆ ಗಂಗಾಗ ಬೆಲ್ಲ ತಿನಸತಾನ. ಕುಂಟೂದು ನೋಡಿ ಕಣ್ಣೀರು ಹಾಕತಿದ್ದ."

"ಆ ಮುದುಕಾ? ಛೇ ಛೇ," ಎಂದ ಮಹಾಂತೇಶ. "ಪಾಪ, ದೇವರಂಥಾ ಮನಿಶ್ಯಾ. ನಾಳೆ ಪರೀಕ್ಷಕರು ಹೋದ ಮ್ಯಾಲೆ ಸಾವಕಾಶ ಕೇಳೂನಂತ."

"ನಾಳೆ ಆಡು ಬೇಕು, ನಾಡದ ತೊಗೊಂಡು ಉಪ್ಪಿನಕಾಯಿ ಹಾಕೂನೇನು? ನಿನ್ನ ಗಾಡಿ ತಗೀ ತಮ್ಮಾ."

ಮಹಾಂತೇಶ ತುಸು ತಡೆದು, "ಆತ್ರಿ," ಎಂದ.

*

ಹಣಮೇಶನನ್ನು ಕೊಟ್ಟಿಗೆಯಲ್ಲಿ ಬಿಟ್ಟು ಹೊರಟ ಮೂವರ ಗಾಡಿ ಅಮೀನಗಡದಲ್ಲಿ ನಿಂತಿತು. ಕರದಂಟು ಕೊಳ್ಳದೆ ಈ ಊರು ದಾಟಿದರೆ ತನ್ನ ಅವ್ವ ಮನೆಗೆ ಸೇರಿಸುವುದಿಲ್ಲವೆಂದು ಮಹಾಂತೇಶ ಹಟ ಹಿಡಿದ. ಅಂಗಡಿಯ ಮುಂದೆ ಅವನಿಗೆ ಒಂದು ಫೋನ್ ಬಂತು. ದೂರ ಹೋಗಿ ಮಾತಾಡಿ ಬಂದವನ ನಗು ಅರ್ಧವಾಗಿತ್ತು.

"ಯಾರಪಾ?"

"ಸುಮ್ಮ, ಗೆಳ್ಯಾ ಒಬ್ಬಾಂವ," ಎಂದು ಗಾಡಿ ಬಿಟ್ಟ.

ಬಸಲಿಂಗವ್ವ ಕರದಂಟಿನ ತುಣುಕನ್ನು ಕಟ್ಟಿಸಿದ ಹಲ್ಲಿಗೆ ಹೊಂದುವಂತೆ ದವಡೆಯಿಂದ ದವಡೆಗೆ ಸರಿಸುತ್ತ ಕೇಳಿದಳು: "ಬೆಳ್ಳಿ ಎಲುಬಿನ್ಯಾಗ ಹ್ಯಾಂಗ ಹೋಗತೈತಿ? ಕಾಲಗಡಗ ಕುಟ್ಟಿ ತುಂಬತೀಯೇನು?"

ವಿದ್ಯಾ ಮೊದಲ ಸಲ ನಕ್ಕಳು. "ಇಲ್ರಿ ಅವ್ವಾರ. ಮಹಾಕೂಟದ ಕಡೆ ಕಲ್ಲುಗುಡ್ಡದಾಗ ಮಂಗರಬಳ್ಳಿ ಬೆಳೀತೈತಲ್ಲ, ಅದನ್ನ ಹೆಚ್ಚಿ ಕುದಿಸಿ ಖಾಸಿಂಸಾಬರ ಬಟ್ಟಿಯಾಗ ಸೋಸತೇವಿ. ಬೆಳ್ಳಿಯ ಉಪ್ಪು ಕರಗಿದ ನೀರು ಬ್ಯಾರೆ ಇಟ್ಟಿರ್ತೇವಿ. ಎರಡೂ ಕೂಡಿಸಿದ್ರ, ತಿಳಿ ನೀರು ನೋಡ ನೋಡತನ ಚಹಾದ ಬಣ್ಣಕ್ಕ ತಿರಗತೈತಿ. ಆ ಬಣ್ಣ ಬಂತಂದ್ರ ಬೆಳ್ಳಿ ಕಣ ಆತು ಅಂತ. ಕಣ್ಣಿಗೆ ಕಾಣದಷ್ಟು ಸಣ್ಣ. ಅದನ್ನ ಎಲುಬಿನ ಪುಡಿಯಂಥಾ ಪುಡಿಯೊಳಗ ಕಲಸಿ ಲೇಪ ಮಾಡ್ತೇವಿ. ಹೊಸ ಎಲುಬು ಬೆಳ್ಯಾಕ ಅದು ಹಂದರ ಇದ್ದಂಗ. ಬೆಳ್ಳಿ ಇದ್ದಲ್ಲಿ ಕೀವು ಆಗೂದಿಲ್ಲ, ಎಲುಬು ಲಗೂ ಹಬ್ಬತೈತಿ. ಹಂಗಂತ ನಾ ನಂಬಿದ್ದೆ."

"ಕಾಣದ ಕಣ ಫಿಲ್ಮಿನ್ಯಾಗ ಕಾಣತೈತೇನು?"

"ಲೇಪದಾಗ ಅಲ್ಲಲ್ಲಿ ಕೂಡಿ ಹಳಕ ಆಗಿರತಾವ್ರಿ. ಅವು ಬೆಳ್ಳಗ ಚುಕ್ಕಿ ಚುಕ್ಕಿ ಕಾಣಬೇಕು. ಗೌರಿ ಫಿಲ್ಮಿನ್ಯಾಗ ಒಂದೂ ಚುಕ್ಕಿ ಇಲ್ಲ. ಮೈಯಾಗ ಕರಗಿ ಹೋಗೇತಿ ಅನ್ಕೊಂಡೆ."

"ಎರಡೂ ಲೇಪ ಒಂದ ಬಣ್ಣದ್ದೇನು?"

"ರಸ ಎರಡರಾಗೂ ಐತಲ್ರಿ, ಎರಡೂ ಕಂದು. ಸೀಸೆ ಮ್ಯಾಲಿನ ಚೀಟಿ ನೋಡೇ ತಿಳೀಬೇಕು. ಆಪರೇಷನ್ ದಿನ ನನ್ನ ಕೈ ಎರಡೂ ರಗತ. ಮಹಾಂತೇಶ ಪಾಪ ಒಂದೊಂದು ಎತ್ತಿ ಕೊಟ್ಟ. ಇಂವ ಇರದಿದ್ರ ನನ್ನ ಗತಿ ಏನಿತ್ತು!"

ಮಹಾಂತೇಶ ಕನ್ನಡಿಯಲ್ಲಿ ನೋಡಿ ನಕ್ಕ. ಹುನಗುಂದ ದಾಟಿತು.

*

"ಓಣಿ ಸಣ್ಣದ್ರಿ, ಗಾಡಿ ಹೋಗೂದಿಲ್ಲ. ನಾ ಇಲ್ಲೇ ಇರ್ತೇನಿ," ಎಂದ ಮಹಾಂತೇಶ, ಇಳಕಲ್ಲಿನ ನೇಕಾರರ ಓಣಿಯ ಬಾಯಿಗೆ ಬಂದಾಗ. ಆ ಓಣಿಯಿಂದ ಅದೇ ಆಗ ಒಂದು ಟಂಟಂ ಆಟೋ ಆರಾಮವಾಗಿ ಹೊರಬಂತು. ಬಸಲಿಂಗವ್ವ ಅದನ್ನು ನೋಡಿಕೊಂಡೇ ಓಣಿಯೊಳಗೆ ನಡೆದಳು.

ಎರಡೂ ಬದಿಗೆ ಮಗ್ಗಗಳ ಸಪ್ಪಳ. ಖಾಸಿಂಸಾಬ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮುಂದೆ ಕೆಂಪು ಸೆರಗು ಅರ್ಧ ಮೂಡಿತ್ತು.

"ಬರ್ರಿ ಬರ್ರಿ ಡಾಕ್ಟರಬಾಯಿ! ಸೋಸೋ ಬಟ್ಟಿ ತೀರಿತೇನ್ರಿ? ಏ ಶಹರಬಾನು, ಚಹಾ ಇಡು."

"ಬಟ್ಟಿ ಅಲ್ರಿ ಸಾಬ್ರ," ಎಂದಳು ಬಸಲಿಂಗವ್ವ. "ಆಡು ಬೇಕಾಗೇತಿ."

"ಆಡು ಬೇಕಾದ್ರ ಅಮೀನಗಡ ಸಂತಿಗೆ ಹೋಗ್ರಿ ಅಕ್ಕಾರ. ನಮ್ಮಲ್ಲಿ ಸೀರಿ ಸಿಗತಾವ."

"ಸಂತಿ ಆಡು ನಮ್ಮ ಕೊಟ್ಟಿಗ್ಯಾಗ ಬಂದು ನಿಂತೈತಿ. ಅದರ ಬದಲಿ ಹೋದದ್ದು ಬೇಕು."

ಲಾಳಿ ನಿಂತಿತು.

"ನಾ ಒಯ್ದೀನಂತ ಯಾರ ಹೇಳಿದ್ರಿ?"

"ನಿಮ್ಮ ಕೈ ಹೇಳ್ತು." ಬಸಲಿಂಗವ್ವ ಪಟ್ಟಿಯನ್ನು ಕೆಂಪು ಸೆರಗಿನ ಮೇಲೆ ಹರವಿದಳು.

ಖಾಸಿಂಸಾಬ ಕೊಂಡಿಗಳನ್ನು ನೋಡಿದ, ತನ್ನ ಬೆರಳುಗಳನ್ನು ನೋಡಿದ. ಅವನಿಗೆ ಸಿಟ್ಟು ಬರಬೇಕಾದಲ್ಲಿ ನಗು ಬಂತು. ಒಳಗಿನಿಂದ ಶಹರಬಾನು ಅವನಿಗಿಂತ ಜೋರಾಗಿ ನಕ್ಕಳು.

"ನಾ ಬಡಕೊಂಡೆ, ಸುಮ್ಮ ಗಂಟು ಹಾಕು ಅಂತ. ಗಂಟು ಒತ್ತಿದ್ರ ಆಡಿಗೆ ನೋವು ಆಗತೈತಿ ಅಂತ ಮುಂಜಾನೆಲ್ಲಾ ಕೊಂಡಿ ಹಾಕೋತ ಕುಂತ್ರಿ! ಈಗ ಹೋಗ್ರಿ ಠಾಣೆಕ್ಕ."

"ನಿನ್ನ ಬಾಯಿ ಮುಚ್ಚು. ನಾ ಏನೂ..."

ಮಾತು ಮುಗಿಯಲಿಲ್ಲ. ಹಿತ್ತಲ ಬಾಗಿಲಿನಿಂದ ಒಂದು ಕರಿಯ ಆಡು ಜಿಗಿದು ಬಂತು. ಹಣೆಯ ಮೇಲೆ ಬಿಳಿ ಬೊಟ್ಟು, ಬಾಯಲ್ಲಿ ಕೆಂಪು ರೇಷ್ಮೆಯ ಎಳೆ. ಬಂದದ್ದೇ ಮಗ್ಗದ ಕಟ್ಟೆ ಹತ್ತಿತು, ಕಟ್ಟೆಯಿಂದ ಗೋಡೆಯ ಗೂಡಿಗೆ ನೆಗೆಯಿತು, ಅಲ್ಲಿಂದ ಇಳಿದು ವಿದ್ಯಾಳ ಹೆಗಲ ಮೇಲೆ ಮುಖವಿಟ್ಟಿತು.

"ಗಂಗಾ!" ಎಂದಳು ವಿದ್ಯಾ.

ಖಾಸಿಂಸಾಬ ಕುಣಿಯಿಂದ ಮೇಲೆದ್ದು ಬಂದ. "ಹೌದ್ರಿ, ಒಯ್ದೀನಿ. ಆದ್ರ ಕದ್ದಿಲ್ಲ. ಆಡಿಗೆ ಆಡು ಇಟ್ಟು ಬಂದೀನಿ."

"ಕೇಳದ ಒಯ್ದದ್ದಕ್ಕ ನಮ್ಮ ಖಾತೇದಾಗ ಬ್ಯಾರೆ ಹೆಸರು ಇಲ್ಲ ಸಾಬ್ರ."

"ಕೇಳಿದ್ರ ಕೊಡತಿದ್ರೇನ್ರಿ? ಪರೀಕ್ಷಾ ಮುಗದ ಮ್ಯಾಲೆ ಕಡದು, ಎಲುಬು ತಗದು ದುರ್ಬೀನಿನ್ಯಾಗ ಇಟ್ಟು ನೋಡ್ತೀರಂತ. ನಾ ಆಡು ತಿನ್ನಾಂವ ಅಕ್ಕಾರ, ಸುಳ್ಳು ಯಾಕ ಹೇಳ್ಲಿ? ಆದ್ರ ಕೈಯಾಗಿನ ಬೆಲ್ಲ ತಿಂದು ಮಾರಿ ನೋಡೂ ಆಡು ಬ್ಯಾರೆ."

"ಯಾರು ಹೇಳಿದ್ರಿ ನಿಮಗ?" ವಿದ್ಯಾಳ ದನಿ ಏರಿತು. "ಗಂಗಾನ ಕಡ್ಯಾಂಗಿಲ್ಲ. ಬರೀ ಫಿಲ್ಮ್ ತಗದು ನೋಡ್ತೇವಂತನ ಪರವಾನಗಿ ತೊಗೊಂಡೀವಿ!"

ಖಾಸಿಂಸಾಬ ಪೆಚ್ಚಾದ. "ಖರೇನ್ರಿ?"

"ನಿಮ್ಮ ಬೆಲ್ಲದ ಆಣೆ," ಎಂದಳು ಬಸಲಿಂಗವ್ವ. "ಹೇಳಿದಾವರು ಯಾರು?"

"ಹೆಸರು ಹೇಳೂದಿಲ್ಲಂತ ಮಾತು ಕೊಟ್ಟೀನ್ರಿ."

"ಹೆಸರು ಬ್ಯಾಡ. ಬದಲಿಗೆ ಇನ್ನೊಂದು ಆಡು ಇಡು ಅಂತ ಅವರ ಹೇಳಿದ್ರೇನು?"

"ಇಲ್ರಿ. ಸುಮ್ಮ ಒಯ್ಯಿ, ತಪ್ಪಿಸಿಕೊಂಡೈತಿ ಅಂತ ಹೇಳೂನು ಅಂದ್ರು. ನನಗ ಮನಸು ಬರಲಿಲ್ಲ. ಖಾಲಿ ಗೂಟ ನೋಡಿ ಹಣಮೇಶ ಅತ್ತಗಿತ್ತಾನಂತ, ಅಂಥಾದ ಬಣ್ಣದ್ದು ಹುಡುಕಿ ತಂದೆ."

"ಗೌರೀನೂ ಒಯ್ಯಿ ಅಂದ್ರೇನು?"

"ನಾನ ಕೇಳಿದೆ, ಎರಡೂ ಒಯ್ತೇನಿ ಅಂತ. ಬ್ಯಾಡ, ಇದೊಂದ ಸಾಕು ಅಂದ್ರು."

ಬಸಲಿಂಗವ್ವ ಪಟ್ಟಿಯನ್ನು ಮಡಚುತ್ತ ಲೆಕ್ಕ ಹಾಕಿದಳು. ಕಡಿಯುವ ಭಯವಿದ್ದರೆ ಎರಡಕ್ಕೂ ಇರಬೇಕಲ್ಲ? ಗಂಗಾ ಒಬ್ಬಳೇ ಏಕೆ?

ವಿದ್ಯಾ ಆಗಲೇ ಗಂಗಾಳ ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹೊಲಿಗೆಯ ಗುರುತು ಸಿಕ್ಕಿತು. ಅದರ ಕೆಳಗೆ ಎಲುಬಿನ ಮೇಲೆ ಸಣ್ಣ, ಗಟ್ಟಿ ಗಂಟು ಸಿಕ್ಕಿತು.

"ಕೂಡೇತ್ರಿ ಅವ್ವಾರ," ಎಂದಳು. ಆದರೆ ಅವಳ ದನಿಯಲ್ಲಿ ಸಂತೋಷಕ್ಕೂ ದುಃಖಕ್ಕೂ ಜಗಳ ನಡೆದಿತ್ತು. "ಖರೆನ ಕೂಡೇತಿ. ಬೆಳ್ಳಿ ಇಲ್ಲದನ."

"ಇಲ್ಲದನ ಅಂತ ಯಾರ ಕಂಡಾರ? ಎದುರಿಗೆ ಎಲುಬಿನ ದವಾಖಾನಿ ಬೋರ್ಡು ಐತಿ. ಏಳು."

*

ಡಾಕ್ಟರ್ ಸುಲ್ತಾನಾ ಮೊದಲು ಕನ್ನಡಕ ತೆಗೆದು ನೋಡಿದಳು, ಆಮೇಲೆ ಹಾಕಿಕೊಂಡು ನೋಡಿದಳು. ಆಡು ಆಗಲೂ ಆಡೇ ಆಗಿತ್ತು.

"ಪಾಳಿ ಐತ್ರಿ," ಎಂದಳು ನಗು ತಡೆದು. ಬೆಂಚಿನ ಮೇಲೆ ಕೈಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಅಜ್ಜನೊಬ್ಬ ಎದ್ದು, "ನನ್ನ ಪಾಳಿ ಆಕಿಗೆ ಕೊಡ್ರಿ. ಆಕಿಗೆ ನಾಕು ಕಾಲು ಅದಾವ, ಹೊತ್ತು ಭಾಳ ಹಿಡೀತೈತಿ," ಎಂದ. ದವಾಖಾನೆಯೆಲ್ಲ ನಕ್ಕಿತು. ಖಾಸಿಂಸಾಬ ಬೆಲ್ಲದ ಹಳಕು ತೋರಿಸುತ್ತ ನಿಂತ. ಗಂಗಾ ಅಲ್ಲಾಡದೆ ಫೋಟೋ ತೆಗೆಸಿಕೊಂಡಳು.

ಮನೆಗೆ ಮರಳಿ, ಗಂಗಾಳನ್ನು ಹೊರಗಿನ ಕಟ್ಟೆಯ ಗೂಟಕ್ಕೆ ಕಟ್ಟಿ, ಮೂವರೂ ಒಳಗೆ ಬೆಳಕಿಂಡಿಯ ಕೆಳಗೆ ಫಿಲ್ಮ್ ಹಿಡಿದರು.

ಎಲುಬು ಕೂಡಿತ್ತು. ಕೂಡಿದ ಜಾಗದಲ್ಲಿ ಗಂಟು ಇತ್ತು. ಆ ಗಂಟಿನ ತುಂಬ, ಅಂಗಳದಲ್ಲಿ ರಂಗೋಲಿಯ ಹುಡಿ ಚೆಲ್ಲಿದಂತೆ, ಬೆಳ್ಳನೆಯ ಚುಕ್ಕಿಗಳು ಮಿನುಗುತ್ತಿದ್ದವು.

ವಿದ್ಯಾ ಒಂದೊಂದು ಚುಕ್ಕಿಯ ಮೇಲೂ ಬೆರಳಿಟ್ಟು ನೋಡಿದಳು. ಆಮೇಲೆ ಖಾಸಿಂಸಾಬನ ಎರಡೂ ಕೈ ಹಿಡಿದು ಕುಣಿದೇಬಿಟ್ಟಳು.

"ಬೆಳ್ಳಿ! ಬೆಳ್ಳಿ ಗಂಗಾನ ಕಾಲಾಗ ಐತ್ರಿ! ಗೌರಿಗೆ ಬರೀ ರಸ ಹೋಗೇತಿ. ನನ್ನ ಮದ್ದು ಸೋತಿಲ್ಲ ಅವ್ವಾರ, ಗೆದ್ದೈತಿ!"

ಬಸಲಿಂಗವ್ವ ಸೊಂಟದ ಚೀಲದಿಂದ ವಿಭೂತಿಯ ಗಟ್ಟಿ ತೆಗೆದಳು. ಯಜಮಾನರಿದ್ದಾಗ ಶಿವಯೋಗ ಮಂದಿರಕ್ಕೆ ಇಬ್ಬರೂ ಕೂಡಿ ಹೋಗಿ ತರುತ್ತಿದ್ದರು; ಈಗ ಒಬ್ಬಳೇ ಹೋಗಿ ತರುತ್ತಾಳೆ. ಬೆರಳಿಗೆ ಹಚ್ಚಿಕೊಂಡು ವಿದ್ಯಾಳ ಹಣೆಗೆ ಎಳೆದಳು. "ಗಂಗಾನ ಶಿವಾ ತಲಿ ಮ್ಯಾಲೆ ಇಟಗೊಂಡಾನ, ಗೌರೀನ ಬಾಜೂಕ ಕುಂದರಿಸಿಕೊಂಡಾನ. ಸವತಿಯರ ನಡುವ ಪಾಲು ಬದಲಿ ಮಾಡಿದಾವ್ರು ಯಾರಂತ ಈಗ ಹುಡಕೂನು."

"ಬದಲಿ?"

"ಸೀಸೆ ಚೀಟಿ ಬದಲಿ ಆಗ್ಯಾವ. ಮಾಡಿದಾವನಿಗೆ ಮದ್ದು ಸೋತಂಗ ಕಾಣಬೇಕಿತ್ತು. ಆದ್ರ ಗಂಗಾನ ಕಾಲು ಫಿಲ್ಮಿಗೆ ಬಂತಂದ್ರ ಚುಕ್ಕಿ ಕಾಣತಾವ, ಕಳವು ಬಯಲಿಗೆ ಬೀಳತೈತಿ. ಅದಕ್ಕ ಗಂಗಾ ಒಬ್ಬಾಕಿನ ಹೋಗಬೇಕಿತ್ತು. ಸಾಬ್ರ ಕರುಳಿಗೆ ಕೈ ಹಾಕಿ ಕೆಲಸ ಮಾಡಿಸಿಕೊಂಡ. ಸಾಬ್ರು ಬದಲಿ ಆಡು ಇಡತಾರಂತ ಮಾತ್ರ ಆತನ ಲೆಕ್ಕದಾಗ ಇರಲಿಲ್ಲ. ವಿದ್ಯವ್ವಾ, ಆಪರೇಷನ್ ದಿನ ಸೀಸೆ ಎತ್ತಿ ಕೊಟ್ಟಾಂವ..."

ವಿದ್ಯಾಳ ನಗು ಅಲ್ಲಿಯೇ ನಿಂತಿತು.

ಖಾಸಿಂಸಾಬ ತಲೆಯ ಟೊಪ್ಪಿಗೆ ತೆಗೆದು ಮಗ್ಗದ ಮೇಲಿಟ್ಟ. "ಸುಳ್ಳು ಹೇಳಿ ತೊಗೊಂಡ ಮಾತು ಮಾತ ಅಲ್ರಿ ಅಕ್ಕಾರ. ಹೇಳ್ತೇನಿ. ಅಂವ..."

ಶಹರಬಾನು ಖಾಲಿ ಬಟ್ಟಲುಗಳನ್ನು ಎತ್ತಿಕೊಂಡು ಹೊರಗಿನಿಂದ ಬಂದಳು. "ಡಾಕ್ಟರಬಾಯಿ, ನಿಮ್ಮ ಗಾಡಿ ಹುಡುಗ ಭಾಳ ಚಲೋ ಮನಿಶ್ಯಾ ನೋಡ್ರಿ. ನೀವು ಗಾಡಿಗೆ ಹತ್ತಿಸು ಅಂದೀರಂತ ಗಂಗಾನ ಹೆಗಲ ಮ್ಯಾಲೆ ಹೊತ್ಕೊಂಡು ಹೋದ. ಚಹಾನೂ ಕುಡೀಲಿಲ್ಲ."

ಓಣಿಯ ಬಾಯಿಂದ ಒಂದು 'ಮ್ಯಾ' ಕೇಳಿಸಿತು. ಮರುಗಳಿಗೆ ಗಾಡಿ ಚಾಲೂ ಆದ ಸಪ್ಪಳ.

"ಅವನ," ಎಂದ ಖಾಸಿಂಸಾಬ. "ಅವನ ಹೇಳಿದ್ದು."

"ಸಾಬ್ರ, ನಿಮ್ಮ ಟಂಟಂ ಎಲ್ಲಿ?"

"ಹಿತ್ತಲದಾಗ ಐತ್ರಿ. ಚಾಲೂ ಆದ್ರ ಆತು."

ಆಯಿತು. ಇಡೀ ಓಣಿ ಹೊಗೆಯಿಂದ ತುಂಬಿತು. ಮುಂದೆ ಖಾಸಿಂಸಾಬ, ಪಕ್ಕದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿದ ಬಸಲಿಂಗವ್ವ, ಹಿಂದೆ ಫಿಲ್ಮನ್ನು ಎದೆಗೆ ಅವುಚಿಕೊಂಡ ವಿದ್ಯಾ. "ಬಿಡಬ್ಯಾಡ್ರಿ ಅವನ್ನ!" ಎಂದು ದವಾಖಾನೆಯ ಕಿಟಕಿಯಿಂದ ಪ್ಲಾಸ್ಟರ್ ಅಜ್ಜ ಕೂಗಿದ.

ದೊಡ್ಡ ರಸ್ತೆಗೆ ಬಂದಾಗ ಬಿಳಿಯ ಗಾಡಿ ಇನ್ನೂ ಕಾಣುತ್ತಿತ್ತು. ಅದು ಹುನಗುಂದದ ಕಡೆಗೆ ತಿರುಗಲಿಲ್ಲ. ಕುಷ್ಟಗಿಯ ಕಡೆಗೆ ಹೊರಟಿತ್ತು.

ಅಷ್ಟರಲ್ಲಿ ಬಸಲಿಂಗವ್ವನ ಫೋನ್ ರಿಂಗಣಿಸಿತು. ಮಹಾಂತೇಶನೇ.

"ಏ ಮಹಾಂತೇಶಾ, ಗಾಡಿ ನಿಂದರಸು! ನಾಳೆ ಮಧ್ಯಾಹ್ನದೊಳಗ ಗಂಗಾ ಬಾಗಲಕೋಟ್ಯಾಗ ಇರಬೇಕು. ಆಮ್ಯಾಲೆ ನಿನ್ನ ಕಿವಿ ಹಿಂಡೂನು."

ಆ ಕಡೆಯಿಂದ ಬಂದದ್ದು ಪಿಸುದನಿ. ಅದರಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ನಿಂದರಸಾಕ ಆಗೂದಿಲ್ರಿ ಅವ್ವಾರ. ಅಮೀನಗಡದಾಗ ಫೋನ್ ಮಾಡಿದಾಂವ ಬಿಡೂದಿಲ್ಲ. ಹಿಂದಿನ ಸೀಟಿನ್ಯಾಗ ಗಂಗಾ ಒಬ್ಬಾಕಿನ ಇಲ್ಲ."